ಧಾರವಾಡದ ಅನಾಮಧೇಯ ವಿದ್ಯಾರ್ಥಿಯೂ ನಮ್ಮ ಶಾಲೆಗಳ ಇತಿಹಾಸಪಾಠವೂ

ಶ್ರೀಮಠದ ಮಹೋತ್ಸವದ ಈ ಸ್ಮರಣ ಸಂಪುಟದಲ್ಲಿ ಗುರುಪರಂಪರೆಯ ಮಹಿಮೆಯನ್ನು ಸಾರುವ ಲೇಖನಗಳು ಇರುವುದು ಉಚಿತವೇ ಸರಿ. ಹೆಸರೇ ಉಳಿಯದ ಒಬ್ಬ ಬಾಲಕನ ವೃತ್ತಾಂತವನ್ನು ಸದ್ಭಕ್ತರ ಮುಂದೆ ನಿವೇದಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ. ಶಾಲೆಗಳಲ್ಲಿ ಇತಿಹಾಸವನ್ನು ಯಾರಿಗಾಗಿ, ಯಾವ ರೀತಿಯಲ್ಲಿ ಬೋಧಿಸಬೇಕೆಂಬ ಪ್ರಶ್ನೆಗೆ ಈ ವೃತ್ತಾಂತದಲ್ಲಿಯೇ ಉತ್ತರವಿದೆ.

1856ನೆಯ ಇಸವಿಯ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಹುಡುಗನೊಬ್ಬನು ಧಾರವಾಡದ ಸರಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕೆಂದು ಬೇಡಿದನು. ಶಾಲೆಯವರು ಒಪ್ಪಲಿಲ್ಲ. ವಿಷಯವು ಮುಂಬಯಿ ಸರಕಾರದವರೆಗೆ ಹೋಯಿತು. ನ್ಯಾಯವು ಹುಡುಗನ ಪಕ್ಷದಲ್ಲಿದೆಯೆಂದು ಆ ಸರಕಾರವು ಒಪ್ಪಿಕೊಂಡಿತು. ಆದರೆ ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗಿ ಶಾಲೆಯೇ ನಿಷ್ಪ್ರಯೋಜಕವಾದೀತೆಂಬ ಭಯದಿಂದ ಅವನ ಬೇಡಿಕೆಯನ್ನು ತಿರಸ್ಕರಿಸಿತು. ಹಿಂದುಸ್ಥಾನ ಸರಕಾರವು 1857ರ ಆರಂಭದಲ್ಲಿ ಈ ನಿರ್ಣಯಕ್ಕೆ ತನ್ನ ಅಸಮ್ಮತಿಯನ್ನು ಸೂಚಿಸಿತು. ಕಡೆಗೆ ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕ ಮಂಡಲಿಯು 1858ರಲ್ಲಿ, ಸರಕಾರದ ಶಾಲೆಗಳು ಸಮಸ್ತ ಪ್ರಜೆಗಳಿಗೂ ತೆರೆದಿರಬೇಕೆಂಬ ತತ್ತ್ವವನ್ನು ಲಿಖಿತವಾಗಿ ಅಂಗೀಕರಿಸಿತು. 1882ರಲ್ಲಿ ನೇಮಕವಾದ ಹಂಟರ್ ಆಯೋಗವೂ ಅದನ್ನೇ ಎತ್ತಿಹಿಡಿಯಿತು.

ಇಲ್ಲಿ ವಿಚಾರಿಸತಕ್ಕ ಅಂಶವೊಂದುಂಟು. ಧಾರವಾಡ, ಮುಂಬಯಿ, ಕಲ್ಕತ್ತ, ಲಂಡನ್ನು ಎಂಬ ನಾಲ್ಕು ಸ್ಥಳಗಳ ಅಧಿಕಾರಿಗಳನ್ನು ಉತ್ತರ ಹೇಳುವಂತೆ ಮಾಡಿದ್ದು ಒಬ್ಬ ಹುಡುಗನ ಬೇಡಿಕೆ. ಆದರೂ ಈ ಪ್ರಸಂಗವನ್ನು ಹೇಳುವ ವಿದ್ಯಾಭ್ಯಾಸದ ಇತಿಹಾಸಗ್ರಂಥಗಳಲ್ಲಿ ಅವನು ‘ಒಬ್ಬ ಮಹಾರ ಹುಡುಗ’ನಾಗಿ ಮಾತ್ರ ಕಾಣಿಸುತ್ತಾನೆ. ತತ್ತ್ವವು ಕಾಗದದ ಮೇಲೆ ಗೆದ್ದಿತಾದರೂ ಬಾಗಿಲು ಬೇಗನೆ ತೆರೆಯಲಿಲ್ಲ. ಆದುದರಿಂದಲೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತರ ಮಕ್ಕಳಿಗಾಗಿ ಪ್ರತ್ಯೇಕ ಶಾಲೆಯನ್ನು ಸ್ಥಾಪಿಸಬೇಕಾಯಿತು. ಅದಕ್ಕಾಗಿ ಸ್ವಜನರ ಬಹಿಷ್ಕಾರವನ್ನೂ ಸಹಿಸಬೇಕಾಯಿತು.

ಇದು ಪರರ ಕಥೆಯೆಂದು ನಾವು ಭಾವಿಸಕೂಡದು. ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಪ್ರಜಾಮಿತ್ರ ಮಂಡಲಿಯು ಹುಟ್ಟಿದಾಗ ಒಕ್ಕಲಿಗರು, ಮುಸಲ್ಮಾನರು ಮೊದಲಾದವರೊಡನೆ ಲಿಂಗಾಯತರೂ ಅದರಲ್ಲಿ ಸೇರಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿಯು ಮರುವರ್ಷ ವರದಿಯನ್ನು ಒಪ್ಪಿಸಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ ಹಿಂದುಳಿದ ಸಮಾಜದವರಿಗೆ ದೊರೆಯಬೇಕೆಂದೂ, ಅವರ ಮಕ್ಕಳಿಗೆ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳ ಅನುಕೂಲವಿರಬೇಕೆಂದೂ ಸಲಹೆಯಿತ್ತಿತು. ಆ ಸಲಹೆಯ ಫಲವನ್ನು ಉಂಡವರಲ್ಲಿ ನಮ್ಮ ಹಿರಿಯರೂ ಸೇರಿದ್ದಾರೆ. ತಮಗಾಗಿ ನ್ಯಾಯವನ್ನು ಕೇಳಿ ಪಡೆದವರ ಸಂತಾನವು, ಇತರರು ಅದನ್ನೇ ಕೇಳುವಾಗ ಮುಖ ತಿರುಗಿಸುವುದು ಧರ್ಮವಾಗಲಾರದು.

ಶಿವಶರಣರ ಚರಿತ್ರೆಯಂತೂ ಈ ಪಾಠಕ್ಕೆ ಮೂಲವೇ ಆಗಿದೆ. ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬ ಹೆಸರುಗಳಲ್ಲಿ ಕಾಯಕವೂ ವ್ಯಕ್ತಿಯೂ ಒಂದಾಗಿ ನಿಂತಿವೆ. ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಅರಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದುದು ಸಾಹಿತ್ಯಸೇವೆಯಷ್ಟೇ ಅಲ್ಲ. ದುಡಿಯುವವರ ಮಾತನ್ನು ಇತಿಹಾಸಕ್ಕೆ ಮರಳಿ ತಂದ ಕಾರ್ಯ. ಹರಳಯ್ಯನಿಗೆ ಕೈಮುಗಿದು ಧಾರವಾಡದ ಹುಡುಗನನ್ನು ಮರೆತರೆ ನಮ್ಮ ಭಕ್ತಿಯು ಅರ್ಧವಾಗುವುದು.

ಈಗ ಬೆಂಗಳೂರಿನ ಹೊರವಲಯವನ್ನು ನೋಡೋಣ. ಪೀಣ್ಯದ ಕಾರ್ಖಾನೆಗಳೂ ಎಲೆಕ್ಟ್ರಾನಿಕ್ ಸಿಟಿಯ ಸಂಸ್ಥೆಗಳೂ 1970ರ ದಶಕದಿಂದೀಚೆಗೆ ಬೆಳೆದು ಬಂದವು. ವೈಟ್‌ಫೀಲ್ಡ್ ಎಂಬುದು 1882ರಲ್ಲಿ ಆಂಗ್ಲೋ-ಇಂಡಿಯನ್ನರ ನೆಲೆಯಾಗಿ ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ ಹುಟ್ಟಿ, ಇಂದು ಗಣಕಯಂತ್ರೋದ್ಯಮದ ನಗರಭಾಗವಾಗಿದೆ. ಕಲಬುರಗಿ, ರಾಯಚೂರು, ಯಾದಗಿರಿಗಳಿಂದಲೂ ಬಿಹಾರ, ಒಡಿಶಾ ಮೊದಲಾದ ಪ್ರಾಂತಗಳಿಂದಲೂ ಬಂದ ಕಾರ್ಮಿಕರ ಮಕ್ಕಳು ಅಲ್ಲಿಯ ಶಾಲೆಗಳಲ್ಲಿ ಈ ಊರಿನ ಮಕ್ಕಳೊಡನೆ ಒಂದೇ ಹಲಗೆಯ ಮೇಲೆ ಕುಳಿತುಕೊಳ್ಳುತ್ತಾರೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವನ್ನು ಹಕ್ಕಾಗಿ ಮಾಡಿದೆ. ಹೀಗೆ ಬಾಗಿಲು ತೆರೆಯಿತು. ಆದರೆ ಒಳಗೆ ಬಂದ ಮಗುವು ಪುಸ್ತಕವನ್ನು ತೆರೆದಾಗ ಅರಸರ ವಂಶಾವಳಿಯನ್ನು ಮಾತ್ರ ಕಂಡು, ತನ್ನವರ ಸುಳಿವನ್ನೇ ಕಾಣದಿದ್ದರೆ, ಅದು ಇನ್ನೂ ಹೊಸ್ತಿಲಿನಲ್ಲಿಯೇ ನಿಂತಿದೆಯೆಂದು ತಿಳಿಯಬೇಕು.

ಸಾಧನಗಳು ಸಮೀಪದಲ್ಲಿಯೇ ಇವೆ. ಎಲೆಕ್ಟ್ರಾನಿಕ್ ಸಿಟಿಗೆ ಅನತಿದೂರದ ಬೇಗೂರಿನ ದೇವಾಲಯದಲ್ಲಿ ಗಂಗರ ಕಾಲದ, ಸುಮಾರು ಕ್ರಿ. ಶ. 890ರ ಶಾಸನವೊಂದುಂಟು. ಬೆಂಗಳೂರೆಂಬ ಹೆಸರನ್ನು ಹೇಳುವ ಆ ಕಲ್ಲು, ನಾಗತ್ತರನೆಂಬ ಅಧಿಕಾರಿಯ ಪರಿವಾರಕ್ಕೆ ಸೇರಿದವನು ಬೆಂಗಳೂರ ಕಾಳೆಗದಲ್ಲಿ ಮಡಿದುದನ್ನು ಹೆಸರಿಟ್ಟು ಸ್ಮರಿಸುತ್ತದೆ. ಉಪಾಧ್ಯಾಯರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಕಲ್ಲು ಯಾರನ್ನು ನೆನೆದಿದೆ, ಯಾರನ್ನು ನೆನೆದಿಲ್ಲ, ಕಲ್ಲು ಕಡಿದವನು ಯಾರು, ಕೆರೆ ತೋಡಿದವರು ಯಾರು ಎಂದು ಪ್ರಶ್ನಿಸಲಿ. ತಂದೆತಾಯಿಗಳ ಕಸಬನ್ನೂ ಊರು ಬಿಟ್ಟು ಬಂದ ಕಾರಣವನ್ನೂ ಇಚ್ಛೆಯುಳ್ಳ ಮಕ್ಕಳು ಬರೆದು ತರಲಿ. ಆದರೆ ತರಗತಿಯಲ್ಲಿ ಮಗುವನ್ನು ಎಬ್ಬಿಸಿ ಜಾತಿಯನ್ನು ಕೇಳುವ ಕ್ರಮವು ಸರ್ವಥಾ ಕೂಡದು. ನೊಂದವರ ಚರಿತ್ರೆಯನ್ನು ಕೇವಲ ಕನಿಕರದ ಕಥೆಯಾಗಿ ಹೇಳುವುದೂ ಸಲ್ಲದು. ಧಾರವಾಡದ ಹುಡುಗನು ಕನಿಕರವನ್ನು ಬೇಡಲಿಲ್ಲ, ತನ್ನ ಸ್ಥಾನವನ್ನು ಕೇಳಿದನು. ಮಕ್ಕಳು ಕಲಿಯಬೇಕಾದುದು ಆ ಧೈರ್ಯವನ್ನು.

ಪೀಣ್ಯದಿಂದ ಅದೇ ತುಮಕೂರಿನ ಹೆದ್ದಾರಿಯನ್ನು ಹಿಡಿದು ಹೋದರೆ ಶ್ರೀ ಸಿದ್ಧಗಂಗಾ ಕ್ಷೇತ್ರವು ಸಿಗುವುದು. ಅಲ್ಲಿ ಶ್ರೀ ಉದ್ದಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ಆರಂಭಿಸಿದರು. 1941ರಲ್ಲಿ ಮಠಾಧಿಕಾರವನ್ನು ವಹಿಸಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಮತಗಳನ್ನು ಕೇಳದೆ ಸಹಸ್ರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡಿದರು. ಒಂದೇ ಪಂಕ್ತಿಯಲ್ಲಿ ಉಣಬಡಿಸುವುದನ್ನು ಮಠಗಳು ಬಲ್ಲವು. ಒಂದೇ ಇತಿಹಾಸದ ಪಂಕ್ತಿಯಲ್ಲಿ ಎಲ್ಲರನ್ನೂ ಕುಳ್ಳಿರಿಸುವುದು ಮುಂದಿನ ದಾಸೋಹ.

ಆದುದರಿಂದ ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳು ಸರಕಾರದ ಪಠ್ಯಪುಸ್ತಕವು ಬದಲಾಗಲೆಂದು ಕಾಯದೆ, ಪ್ರತಿವರ್ಷ ಜೂನ್ ತಿಂಗಳಲ್ಲಿ ಶಾಲಾರಂಭದ ಮೊದಲ ವಾರದಲ್ಲಿಯೇ 1856ರ ಈ ವೃತ್ತಾಂತವನ್ನು ಮಕ್ಕಳಿಗೆ ಹೇಳುವ ಪದ್ಧತಿಯನ್ನು ಕೈಕೊಳ್ಳಬೇಕೆಂದು ಸದ್ಭಕ್ತರಲ್ಲಿಯೂ ಶಿಷ್ಯವರ್ಗದಲ್ಲಿಯೂ ವಿಜ್ಞಾಪಿಸಿಕೊಳ್ಳುತ್ತೇನೆ. ಹೊಸ ಮಕ್ಕಳು ಒಳಗೆ ಕಾಲಿಡುವ ಆ ದಿನಗಳಲ್ಲಿ ಅಂದು ಹೊರಗೆ ನಿಂತವನ ನೆನಪು ಸಲ್ಲತಕ್ಕದ್ದು.