ಮಾಗಳದ ಹೊಳೆಯೂ ನೀರಿನ ಲೆಕ್ಕವೂ

ಹೂವಿನಹಡಗಲಿಯ ಪಶ್ಚಿಮಕ್ಕೆ, ತುಂಗಭದ್ರೆಯ ಬಲದಂಡೆಯಲ್ಲಿ ಮಾಗಳವೆಂಬ ಗ್ರಾಮವಿದೆ. ಚಾಲುಕ್ಯ ಶಿಲ್ಪದಲ್ಲಿ ಅಭಿರುಚಿಯುಳ್ಳವರಿಗೆ ಈ ಹೆಸರು ಹೊಸದಲ್ಲ. ಅಲ್ಲಿಯ ದೇವಾಲಯವನ್ನು ಅಲೆಕ್ಸಾಂಡರ್ ರೀ ಎಂಬ ವಿದ್ವಾಂಸನು 1896ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಈ ಹೊತ್ತು ನಾವು ಗುಡಿಯನ್ನು ಹಿಂದಕ್ಕೆ ಬಿಟ್ಟು ಹೊಳೆಯ ಕಡೆಗೆ ನಡೆಯೋಣ. ಕೇಳಬೇಕಾದ ಪ್ರಶ್ನೆ ನೋಟಕ್ಕೆ ಬಹು ಸುಲಭವಾದುದು: ಈ ಹೊಳೆಯಲ್ಲಿ ಹರಿಯುವ ನೀರೆಷ್ಟು?

ದಂಡೆಯಲ್ಲಿ ವಾಸಿಸುವವರು ಇದಕ್ಕೆ ಕೊಡುವ ಉತ್ತರವು ಎತ್ತರದ ಉತ್ತರ. ಇಂಥ ವರ್ಷ ನೀರು ಇಂಥ ಮೆಟ್ಟಿಲನ್ನು ಮುಟ್ಟಿತು, ಇಂಥ ಮರದ ಬುಡಕ್ಕೆ ಬಂದಿತು ಎಂದು ಅವರು ಹೇಳುತ್ತಾರೆ. ಪ್ರಾಣವನ್ನೂ ದನಕರುಗಳನ್ನೂ ಉಳಿಸಿಕೊಳ್ಳುವುದಕ್ಕೆ ಆ ಉತ್ತರ ಸಾಕು. ಆದರೆ ನೀರನ್ನು ಹಂಚಿಕೊಳ್ಳುವುದಕ್ಕೆ ಸಾಲದು. ನಿಂತ ಕೆರೆಯಲ್ಲಿ ಹತ್ತು ಅಡಿ ನೀರಿರಬಹುದು, ಓಡುವ ಹೊಳೆಯಲ್ಲಿಯೂ ಹತ್ತು ಅಡಿ ಇರಬಹುದು; ಒಂದರಲ್ಲಿ ಹರಿವು ಸೊನ್ನೆ, ಇನ್ನೊಂದರಲ್ಲಿ ಒಂದು ಸೀಮೆಗೆ ಸಾಕಾಗುವಷ್ಟು.

ಈ ಭೇದವನ್ನು ತಿಳಿಯಲು ಮನುಷ್ಯನಿಗೆ ಬಹುಕಾಲ ಹಿಡಿಯಿತು. ಕ್ರಿಸ್ತಶಕ ಒಂದನೆಯ ಶತಮಾನದ ಕೊನೆಯಲ್ಲಿ ರೋಮ್ ನಗರದ ನೀರಿನ ಅಧಿಕಾರಿಯಾಗಿದ್ದ ಫ್ರಾಂಟೈನಸ್ ಎಂಬಾತನು ಕೊಳವೆಯ ಬಾಯಿಯ ಅಗಲವನ್ನು ಅಳೆದು, ಅದನ್ನೇ ನೀರಿನ ಅಳತೆಯೆಂದು ಬರೆದುಕೊಂಡನು. ನಗರಕ್ಕೆ ಬಂದ ನೀರಿಗೂ ಹಂಚಿದ ನೀರಿಗೂ ಲೆಕ್ಕ ಕೂಡದಿರಲು, ದೋಷದ ಬಹುಭಾಗವನ್ನು ನೀರುಗಳ್ಳರ ಮೇಲೆ ಹೊರಿಸಿದನು. ಕಳ್ಳರೂ ಇದ್ದಿರಬಹುದು, ಆದರೆ ಲೆಕ್ಕದಿಂದ ನೀರಿನ ವೇಗವೇ ತಪ್ಪಿಸಿಕೊಂಡಿದ್ದಿತು. 1628ರಲ್ಲಿ ಗೆಲಿಲಿಯೋವಿನ ಶಿಷ್ಯನಾದ ಕಾಸ್ತೆಲ್ಲಿಯು ಹರಿಯುವ ನೀರಿನ ಅಳತೆಯ ಮೇಲೆ ಬರೆದ ಗ್ರಂಥದಿಂದ ಈ ವಿಷಯ ಯೂರೋಪಿನಲ್ಲಿ ಸ್ಥಿರಪಟ್ಟಿತು: ಹೊಳೆಯನ್ನು ಅಡ್ಡಲಾಗಿ ಕೊಯ್ದರೆ ಕಾಣುವ ವಿಸ್ತೀರ್ಣವನ್ನು ವೇಗದಿಂದ ಗುಣಿಸಿದರೆ ಬರುವುದೇ ಹರಿವು. ನೀರಿನ ಅಗಲ ಮುನ್ನೂರು ಅಡಿ, ಸರಾಸರಿ ಆಳ ಹತ್ತು ಅಡಿ, ವೇಗ ಸೆಕೆಂಡಿಗೆ ನಾಲ್ಕು ಅಡಿ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಹನ್ನೆರಡು ಸಾವಿರ ಘನ ಅಡಿ, ಎಂದರೆ ಹನ್ನೆರಡು ಸಾವಿರ ಕ್ಯುಸೆಕ್ ಆಯಿತು. ಹೀಗೆ ಒಂದು ಹಗಲು ಒಂದು ರಾತ್ರಿ ಹರಿದರೆ ನೂರು ಕೋಟಿ ಘನ ಅಡಿಗಿಂತ ತುಸು ಹೆಚ್ಚಾಗುತ್ತದೆ. ವೃತ್ತಪತ್ರಿಕೆಗಳಲ್ಲಿ ನಾವು ಓದುವ ಟಿ.ಎಂ.ಸಿ. ಎಂಬುದು ಇದೇ ನೂರು ಕೋಟಿ.

ಸೂತ್ರವೇನೋ ಮೂರು ಮಾತಿನದು; ತೊಡಕಿರುವುದು ವೇಗದಲ್ಲಿ. ನಟ್ಟನಡುವೆ ನೀರು ಧಾವಿಸುತ್ತದೆ, ದಡದ ಹತ್ತಿರ ಸೋಮಾರಿಯಾಗುತ್ತದೆ, ತಳದಲ್ಲಿ ಕಲ್ಲುಮರಳಿಗೆ ಉಜ್ಜಿಕೊಂಡು ತಡೆಯುತ್ತದೆ. ಮೇಲೆ ತೇಲುವ ಕಟ್ಟಿಗೆಯ ತುಂಡಿನ ವೇಗವನ್ನು ನಂಬಿದರೆ ನೀರನ್ನು ಇದ್ದುದಕ್ಕಿಂತ ಹೆಚ್ಚಾಗಿ ಎಣಿಸಿದಂತಾಗುತ್ತದೆ. ಆದುದರಿಂದ ಅದರಲ್ಲಿ ನೂರಕ್ಕೆ ಸುಮಾರು ಹದಿನೈದು ಪಾಲನ್ನು ಕಳೆಯುವುದು ವಾಡಿಕೆ. 1790ರಲ್ಲಿ ಜರ್ಮನಿಯ ವೋಲ್ಟ್‌ಮನ್ ಎಂಬವನು ನೀರಿನೊಳಗೆ ತಿರುಗುವ ಚಕ್ರವುಳ್ಳ ಮಾಪಕವನ್ನು ಪ್ರಸಿದ್ಧಿಪಡಿಸಿದನು. ಇಂಥ ಚಕ್ರವನ್ನು ಆಳದ ಹತ್ತರಲ್ಲಿ ಎರಡು ಪಾಲಿನಷ್ಟು ಕೆಳಗೊಮ್ಮೆ, ಎಂಟು ಪಾಲಿನಷ್ಟು ಕೆಳಗೊಮ್ಮೆ ಇಳಿಸಿ, ಸುತ್ತುಗಳನ್ನು ಎಣಿಸಿ ಸರಾಸರಿ ತೆಗೆಯುತ್ತಾರೆ. ಹೊಳೆಯ ಅಗಲವನ್ನು ಹಲವು ಪಟ್ಟಿಗಳಾಗಿ ಭಾಗಿಸಿ, ಪ್ರತಿಯೊಂದರಲ್ಲಿಯೂ ಹೀಗೆಯೇ ಮಾಡಬೇಕು. ನಮ್ಮ ದೇಶದಲ್ಲಿ 1874ರಿಂದ 1879ರವರೆಗೆ ಕ್ಯಾಪ್ಟನ್ ಕನಿಂಗ್‌ಹ್ಯಾಮ್ ಎಂಬವರು ರೂರ್ಕಿಯ ಬಳಿ ಗಂಗಾ ಕಾಲುವೆಯಲ್ಲಿ ವರ್ಷಗಟ್ಟಲೆ ನೀರಿನ ವೇಗವನ್ನೇ ಅಳೆಯುತ್ತ ಕುಳಿತರೆಂದರೆ ಈ ಕೆಲಸದ ಸ್ವರೂಪ ತಿಳಿದೀತು.

ದಿನವೂ ದೋಣಿಯಲ್ಲಿ ಹೋಗಿ ಚಕ್ರವನ್ನು ಇಳಿಸುವುದು ಸುಲಭವಲ್ಲ. ಆದುದರಿಂದ ನೀರು ಹೆಚ್ಚಿದಾಗಲೂ ಇಳಿದಾಗಲೂ ಹಲವು ಸಲ ಅಳೆದು, ಇಷ್ಟು ಎತ್ತರಕ್ಕೆ ಇಷ್ಟು ಹರಿವು ಎಂಬ ವಕ್ರರೇಖೆಯೊಂದನ್ನು ಬರೆಯುತ್ತಾರೆ. ಆಮೇಲೆ ದಡದ ಅಳತೆಗಂಬವನ್ನು ಓದಿದರಾಯಿತು. ಹಳ್ಳಿಗನ ಮೆಟ್ಟಿಲು ಹೀಗೆ ಶಾಸ್ತ್ರದೊಳಕ್ಕೆ ಬಂದು ಸೇರುತ್ತದೆ! ಆದರೆ ಒಂದು ಎಚ್ಚರಿಕೆಯುಂಟು. ಪ್ರವಾಹವು ತಳದ ಮರಳನ್ನು ಕೊಚ್ಚಿಕೊಂಡು ಹೋದರೆ, ಅಥವಾ ಮನುಷ್ಯರೇ ಮರಳನ್ನು ತೋಡಿ ಸಾಗಿಸಿದರೆ, ಹಳೆಯ ರೇಖೆ ಸುಳ್ಳಾಗುತ್ತದೆ, ಮತ್ತೆ ಅಳೆಯಬೇಕು. ಮಾಗಳಕ್ಕೆ ಮೇಲುಭಾಗದಲ್ಲಿ, ಹಾವೇರಿ ಜಿಲ್ಲೆಯ ಹರಳಹಳ್ಳಿಯಲ್ಲಿ ತುಂಗಭದ್ರೆಗೂ, ಮಾರೋಲದಲ್ಲಿ ವರದೆಗೂ ಕೇಂದ್ರ ಜಲ ಆಯೋಗದ ಮಾಪನಕೇಂದ್ರಗಳಿವೆ. ಕಾದಂಬರಿಕಾರರ ಹೆಸರಿನಿಂದ ನಮಗೆಲ್ಲ ಪರಿಚಿತವಾದ ಗಳಗನಾಥದಲ್ಲಿ ಆ ಎರಡು ನದಿಗಳು ಕೂಡುತ್ತವೆ.

ಇಷ್ಟು ಶ್ರಮವೇಕೆಂದು ಕೇಳಬಹುದು. ಬಳ್ಳಾರಿ ಸೀಮೆಗೆ ಉತ್ತರವು 1876ರಿಂದ 1878ರವರೆಗಿನ ಕ್ಷಾಮದಲ್ಲಿದೆ. ಹೊಳೆ ಪಕ್ಕದಲ್ಲಿಯೇ ಹರಿಯುತ್ತಿದ್ದರೂ ಜನರು ಹಸಿವಿನಿಂದ ಸತ್ತರು. ಸರ್ ಆರ್ಥರ್ ಕಾಟನ್ನನು 1860ರಲ್ಲಿಯೇ ತುಂಗಭದ್ರೆಗೆ ಜಲಾಶಯವನ್ನು ಸೂಚಿಸಿದ್ದನು; ಕಟ್ಟಡ ಆರಂಭವಾದುದು 1945ರಲ್ಲಿ. ನಡುವಿನ ಎಂಬತ್ತೈದು ವರ್ಷಗಳ ವಿಳಂಬಕ್ಕೆ ಒಂದು ದೊಡ್ಡ ಕಾರಣ, ಹೊಳೆ ಒಂದು, ಸರಕಾರಗಳು ನಾಲ್ಕು. ಮೇಲೆ ಮೈಸೂರು; ಬಲದಂಡೆಯ ಹಡಗಲಿ ಮದರಾಸಿಗೆ; ಎದುರುದಡದ ಧಾರವಾಡ ಜಿಲ್ಲೆ ಮುಂಬಯಿಗೆ; ಕೆಳಗೆ ಕೊಪ್ಪಳ ನಿಜಾಮರಿಗೆ. ನೀರುಗಂಟಿಯು ಕೆರೆಯ ನೀರನ್ನು ಸರದಿಯಿಂದ ಹಂಚಿದರೆ ಊರು ಒಪ್ಪುತ್ತದೆ. ಸರಕಾರಗಳು ಅಂಕಿಯನ್ನು ಕೇಳುತ್ತವೆ. 1944ರ ಜೂನ್ ತಿಂಗಳಿನಲ್ಲಿ ಮದರಾಸೂ ಹೈದರಾಬಾದೂ ತಲಾ 65 ಟಿ.ಎಂ.ಸಿ. ಎಂದು ಒಪ್ಪಿದ ಮೇಲೆಯೇ ಮಲ್ಲಾಪುರದ ಬಳಿ ಕಲ್ಲಿನ ಮೇಲೆ ಕಲ್ಲು ಕೂತಿತು.

ಒಂದು ವರ್ಷದ ಅಂಕಿಯಿಂದ ನದಿಯ ಗುಣ ತಿಳಿಯದು. 1969ರಲ್ಲಿ ನೇಮಕವಾದ ಕೃಷ್ಣಾ ಜಲವಿವಾದ ನ್ಯಾಯಮಂಡಲಿಯು 1894-95ರಿಂದ 1971-72ರವರೆಗಿನ ಎಪ್ಪತ್ತೆಂಟು ವರ್ಷಗಳ ಲೆಕ್ಕವನ್ನು ಮುಂದಿಟ್ಟುಕೊಂಡಿತು. ಆ ಲೆಕ್ಕಕ್ಕೆ ಆಧಾರ, ತುಂಗಭದ್ರೆಯನ್ನು ಕೂಡಿಸಿಕೊಂಡು ಕೃಷ್ಣೆಯು ಹಾದುಹೋಗುವ ವಿಜಯವಾಡದ ಆಣೆಕಟ್ಟು. ನೀರಾವರಿಗಾಗಿ 1855ರಲ್ಲಿ ಮುಗಿದ ಆ ಕಟ್ಟೆಯ ನೆತ್ತಿಯ ಮೇಲೆ ಎಷ್ಟು ಎತ್ತರ ನೀರು ಹಾಯುತ್ತದೆಂಬುದನ್ನು ಬರೆದಿಟ್ಟುದೇ ಮುಂದೆ ಮೂರು ರಾಜ್ಯಗಳ ಪಾಲನ್ನು ನಿರ್ಣಯಿಸಲು ನೆರವಾಯಿತು. ನಾಲ್ಕು ವರ್ಷಗಳಲ್ಲಿ ಮೂರು ವರ್ಷವಾದರೂ ದೊರೆಯಬಹುದಾದ ನೀರು 2060 ಟಿ.ಎಂ.ಸಿ. ಎಂದು ಮಂಡಲಿಯು ಗೊತ್ತುಮಾಡಿತು. ಉಳಿದ ಒಂದು ವರ್ಷದ ಕೊರತೆಯನ್ನು ಅನುಭವಿಸುವವನು ರೈತನೇ ಎಂಬುದನ್ನು ಈ ಅಂಕಿಯನ್ನು ಓದುವಾಗ ಮರೆಯಲಾಗದು.

ನೀರನ್ನು ಎಣಿಸಿದವರು ಅದರೊಡನೆ ಬರುವ ಹೂಳಿನ ಪೂರ್ಣ ಬೆಲೆಯನ್ನು ಆಗ ತಿಳಿದಂತೆ ಕಾಣುವುದಿಲ್ಲ. ಕಟ್ಟಿದಾಗ ತುಂಗಭದ್ರಾ ಜಲಾಶಯದಲ್ಲಿ ಸುಮಾರು 133 ಟಿ.ಎಂ.ಸಿ. ನಿಲ್ಲಬಹುದಾಗಿದ್ದಿತು; 2016ರ ಅಳತೆಯಂತೆ 105 ಚಿಲ್ಲರೆ. ಕಾಗದದ ಮೇಲಿನ ಪಾಲು ಹಾಗೆಯೇ ಉಳಿದು, ಪಾತ್ರೆ ಮಾತ್ರ ಕಿರಿದಾಯಿತು.

2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗ, ಮೂವತ್ತಮೂರು ಬಾಗಿಲುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಬಾಗಿಲು ಕೊಚ್ಚಿಹೋಯಿತು. ಭಾರವನ್ನು ಇಳಿಸುವುದಕ್ಕಾಗಿ ಉಳಿದ ಬಾಗಿಲುಗಳನ್ನೂ ತೆರೆದು ನೀರನ್ನು ಹೊಳೆಗೆ ಬಿಡಬೇಕಾಯಿತು. ಸೆಕೆಂಡಿಗೆ ಲಕ್ಷ ಘನ ಅಡಿ ಹೊರಟರೆ ದಿನವೊಂದಕ್ಕೆ ಎಂಟೂವರೆ ಟಿ.ಎಂ.ಸಿ.ಗೆ ಮೇಲಾಗುತ್ತದೆ. ಮೇಲಿನಿಂದ ಎಷ್ಟು ಬರುತ್ತದೆ, ಕೆಳಕ್ಕೆ ಎಷ್ಟು ಬಿಡಬೇಕು, ಬೆಳೆಗೆ ಎಷ್ಟು ಉಳಿದೀತು ಎಂಬ ಲೆಕ್ಕ ಆ ದಿನಗಳಲ್ಲಿ ಗಂಟೆಗಂಟೆಗೂ ಬೇಕಾಗಿದ್ದಿತು. ವಾರದೊಳಗಾಗಿ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಆ ಕಿಂಡಿಯನ್ನು ಮುಚ್ಚಿದರು; ಆಮೇಲೆ ಬಂದ ಮಳೆಯಿಂದ ಜಲಾಶಯವು ಮತ್ತೆ ತುಂಬಿತು.