ಒಬ್ಬ ಚಿತ್ರಕಾರನನ್ನು ಎಲ್ಲಿ ಹೋಗಿ ನೋಡಬೇಕು?

ಮನೆಯ ಟಿ.ವಿ. ಪರದೆಯನ್ನು ಒಮ್ಮೆ ಭೂತಗನ್ನಡಿ ಹಿಡಿದು ನೋಡಿರಿ. ಕೆಂಪು, ಹಸಿರು, ನೀಲಿ ಬೆಳಕಿನ ಸಣ್ಣ ಸಣ್ಣ ತುಣುಕುಗಳು ಕಾಣುತ್ತವೆ. ದೂರ ಸರಿದರೆ ನಮ್ಮ ಕಣ್ಣೇ ಅವನ್ನು ಬೆರೆಸಿ ಹಳದಿ, ಬಿಳಿ ಎಂದು ಗ್ರಹಿಸುತ್ತದೆ.

ಟಿ.ವಿ. ಹುಟ್ಟುವ ಎಷ್ಟೋ ಮೊದಲು ಫ್ರಾನ್ಸಿನ ಜಾರ್ಜ್ ಸ್ಯೂರಾ (1859–1891) ಕುಂಚದಿಂದ ಇಂಥದೇ ಪ್ರಯತ್ನ ಮಾಡಿದ. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬೇರೆಯಾಗಿ ತೋರಿಸುತ್ತವೆ ಎಂದು ರಸಾಯನ ವಿಜ್ಞಾನಿ ಶೆವ್ರಲ್ 1839ರಲ್ಲಿ ಬರೆದಿದ್ದ. ಅದನ್ನು ಓದಿದ ಸ್ಯೂರಾ ಬಣ್ಣವನ್ನು ತಟ್ಟೆಯಲ್ಲಿ ಕಲಸುವ ಬದಲು ಚುಕ್ಕೆ ಚುಕ್ಕೆಯಾಗಿ ಇಟ್ಟ. ಈ ಪಂಥಕ್ಕೆ ‘ನವ ಇಂಪ್ರೆಷನಿಸಂ’ ಎಂಬ ಹೆಸರು ಬಂದದ್ದು 1886ರಲ್ಲಿ.

ಅವನ ಚಿತ್ರಗಳನ್ನು ಎಲ್ಲಿ ನೋಡಬಹುದು? ಆಸ್ನಿಯೇರ್‌ನ ಸ್ನಾನದ ದೃಶ್ಯ (1884) ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಎತ್ತರ ಸುಮಾರು 2 ಮೀಟರ್, ಅಗಲ 3 ಮೀಟರ್. ಸಾಯುವಾಗ ಅಪೂರ್ಣವಾಗಿ ಉಳಿದ ‘ಸರ್ಕಸ್’ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ನೃತ್ಯದ ಚಿತ್ರ ‘ಶಾಯು’ ನೆದರ್ಲೆಂಡ್ಸಿನ ಓಟರ್ಲೋದಲ್ಲಿದೆ. ಆದರೆ ಅತ್ಯಂತ ಪ್ರಸಿದ್ಧವಾದ ‘ಗ್ರಾಂಡ್ ಜಾಟ್’ ಯುರೋಪಿನಲ್ಲಿಲ್ಲ. 1924ರಲ್ಲಿ ಅಮೆರಿಕದವರು ಕೊಂಡುಕೊಂಡ ಅದು ಶಿಕಾಗೋದಲ್ಲಿದೆ. ಸ್ವದೇಶ ಸಕಾಲದಲ್ಲಿ ಬೆಲೆ ಕಟ್ಟದಿದ್ದರೆ ಆಗುವುದು ಹೀಗೆಯೇ.

ಪುಸ್ತಕದಲ್ಲಿ ಅಚ್ಚಾದ ಚಿತ್ರ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಅಚ್ಚಿನ ಚಿತ್ರವೂ ಶಾಯಿಯ ಚುಕ್ಕೆಗಳಿಂದಲೇ ಆದದ್ದು. ಅದರಲ್ಲಿ ಸ್ಯೂರಾ ಇಟ್ಟ ಚುಕ್ಕೆ ಕಳೆದುಹೋಗುತ್ತದೆ. ಹತ್ತಿರ ಹೋಗಿ, ಹಿಂದೆ ಸರಿದು ನೋಡುವ ಅವಕಾಶ ಮೂಲಚಿತ್ರದ ಎದುರಿಗೆ ಮಾತ್ರ.

ದೇಸೂರಿನಿಂದ ಲಂಡನ್ ದೂರ, ನಿಜ. ಬೆಂಗಳೂರು ಅಷ್ಟು ದೂರವಲ್ಲ; ಬೆಳಗಾವಿಯಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ತಲುಪುತ್ತೀರಿ. ಅಲ್ಲಿನ ಕಸ್ತೂರಬಾ ರಸ್ತೆಯಲ್ಲಿ, ಸರಕಾರಿ ವಸ್ತುಸಂಗ್ರಹಾಲಯದ ಆವರಣದಲ್ಲಿ ವೆಂಕಟಪ್ಪ ಕಲಾಗ್ಯಾಲರಿ ಇದೆ. ಕೆ. ವೆಂಕಟಪ್ಪನವರು ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರರ ಮನೆತನದವರು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ಊಟಿಯ ಮಂಜನ್ನೂ ಬೆಟ್ಟದ ಸಾಲನ್ನೂ ಜಲವರ್ಣದಲ್ಲಿ ಹಿಡಿದರು, ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪ ಮಾಡಿದರು, ವೀಣೆ ಕಲಿತರು. 1965ರಲ್ಲಿ ತೀರಿಕೊಂಡರು. ಅವರ ಕೃತಿಗಳು ಊರೂರಿಗೆ ಚದುರದೆ ಒಂದೆಡೆ ಉಳಿಯಲೆಂದು ಸರಕಾರ 1970ರ ದಶಕದಲ್ಲಿ ಈ ಗ್ಯಾಲರಿಯನ್ನು ತೆರೆಯಿತು. ಪ್ಯಾರಿಸ್ಸಿನಲ್ಲಿ ಕಲಿತು ಬಂದ ಕೆ. ಕೆ. ಹೆಬ್ಬಾರರ ಕೃತಿಗಳೂ ಇದರ ಸಂಗ್ರಹಕ್ಕೆ ಸೇರಿವೆ.

ಹಾಗೆಂದು ಕಾಯುವ ಕೆಲಸ ಅಲ್ಲಿಗೇ ಮುಗಿಯಲಿಲ್ಲ. 2015ರಲ್ಲಿ ಗ್ಯಾಲರಿಯನ್ನು ಒಂದು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಒಪ್ಪಂದವಾಯಿತು. ಇದು ಸಾರ್ವಜನಿಕರ ಸ್ವತ್ತು ಎಂದು 2016ರಲ್ಲಿ ಕಲಾವಿದರು ಬೀದಿಗಿಳಿದರು. ಆ ಯೋಜನೆ ಜಾರಿಯಾಗಲಿಲ್ಲ.

ಹೋಗುವ ಮುನ್ನ ಗ್ಯಾಲರಿ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿರಿ. ಹೋದ ಮೇಲೆ ಎಲ್ಲವನ್ನೂ ಓಡುತ್ತ ನೋಡಬೇಡಿರಿ. ಒಂದೇ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿರಿ. ನೋಡುವವರು ಬರುತ್ತಿದ್ದರೆ ಕಾಯುವವರೂ ಇರುತ್ತಾರೆ. ನೋಡುವವರೇ ಇಲ್ಲದ ಚಿತ್ರಕ್ಕಾಗಿ ಬೀದಿಗಿಳಿಯುವವರು ಯಾರು?