ಹಿಮ್ಮಿದುಳು ಮೂಡುವ ಮೊದಲ ತಿಂಗಳು

ಗ್ರಹಣ ಹಿಡಿದಾಗ ಬಸುರಿ ಹೆಂಗಸು ಈಳಿಗೆ ಮುಟ್ಟಬಾರದು, ಅಂಗಳಕ್ಕೆ ಕಾಲಿಡಬಾರದು ಎಂಬ ಮಾತು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಗೆ ಹೊಸದಲ್ಲ. ಮಗುವಿಗೆ ಅಂಗದೋಷವಿದ್ದರೆ ‘ಗ್ರಹಣದಾಗ ಏನ್ ಹೆಚ್ಚಿದ್ದಿ?’ ಎಂಬ ಪ್ರಶ್ನೆ ತಾಯಿಗೇ. ತಲೆಯ ಹಿಂಬದಿಯಲ್ಲಿ ಗಂಟು, ಬೆನ್ನ ಮೇಲೆ ತೆಳುಪೊರೆಯ ಚೀಲ ಹೊತ್ತು ಹುಟ್ಟುವ ಮಕ್ಕಳ ತಾಯಂದಿರು ಕೇಳಿಸಿಕೊಳ್ಳುವ ಮಾತು ಇನ್ನೂ ಹೆಚ್ಚು. ಆದರೆ ಆ ದೋಷ ಮೂಡುವ ಹೊತ್ತಿಗೆ ತಾನು ಬಸುರಿ ಎಂಬುದೇ ಅನೇಕರಿಗೆ ತಿಳಿದಿರುವುದಿಲ್ಲ.

ಭ್ರೂಣದಲ್ಲಿ ನರಮಂಡಲ ಮೊದಲು ಕಾಣುವುದು ಬೆನ್ನಿನುದ್ದದ ಚಪ್ಪಟೆ ಪಟ್ಟಿಯಾಗಿ. ಅದರ ಅಂಚುಗಳು ಮೇಲೆದ್ದು, ಒಂದಕ್ಕೊಂದು ಕೂಡಿ ಕೊಳವೆಯಾಗುತ್ತವೆ. ಕತ್ತು ಮತ್ತು ಹಿಮ್ಮಿದುಳು ಸೇರುವ ಭಾಗದಲ್ಲಿ ಶುರುವಾಗುವ ಈ ಮುಚ್ಚುವಿಕೆ, ಚೈನು ಎಳೆದಂತೆ ಮೇಲಕ್ಕೂ ಕೆಳಕ್ಕೂ ಸಾಗುತ್ತದೆ. ಗರ್ಭ ನಿಂತ ಸುಮಾರು 28 ದಿನಗಳಲ್ಲಿ ಕೆಲಸ ಮುಗಿಯಬೇಕು. ಇಷ್ಟರಲ್ಲೇ ಮೇಲ್ತುದಿ ಮೂರು ಗುಳ್ಳೆಗಳಾಗಿ ಉಬ್ಬಿರುತ್ತದೆ. ಮೂರನೆಯದೇ ಹಿಮ್ಮಿದುಳು. ಉಸಿರಾಟ, ಎದೆಬಡಿತ ನೋಡಿಕೊಳ್ಳುವ ಮೆಡುಲ್ಲಾ, ನಡೆಯುವಾಗ ಬೀಳದಂತೆ ಕಾಯುವ ಕಿರುಮಿದುಳು ಇದರಿಂದಲೇ ಬೆಳೆಯುತ್ತವೆ.

ಇದೆಲ್ಲ ತಿಳಿದದ್ದು ಹೇಗೆ? ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ದುಡಿದ ವಿಲ್ಹೆಲ್ಮ್ ಹಿಸ್ 1880–85ರ ನಡುವೆ ಮಾನವ ಭ್ರೂಣಗಳ ಅಂಗರಚನೆಯ ಗ್ರಂಥ ಹೊರತಂದ. ಭ್ರೂಣವನ್ನು ಎಲೆಗಿಂತ ತೆಳ್ಳಗೆ ಕೊಯ್ದು, ಒಂದೊಂದು ಪದರವನ್ನೂ ಚಿತ್ರಿಸಿ, ಮತ್ತೆ ಕೂಡಿಸಿ ಮಾದರಿ ಮಾಡಿಸುವುದು ಅವನ ವಿಧಾನ. 1891ರಲ್ಲಿ ಪ್ರಾಗ್ ನಗರದ ಹಾನ್ಸ್ ಕಿಯಾರಿ, ಹಿಮ್ಮಿದುಳಿನ ಭಾಗ ತಲೆಬುರುಡೆಯಿಂದ ಕತ್ತಿನೊಳಕ್ಕೆ ಜಾರುವ ದೋಷವನ್ನು ವಿವರಿಸಿದ. ಬೆನ್ನಿನಲ್ಲಿ ಕೊಳವೆ ಮುಚ್ಚದೆ ಉಳಿದ ಮಕ್ಕಳಲ್ಲಿ ಇದು ಸಾಮಾನ್ಯ. ತಲೆಯಲ್ಲಿ ನೀರು ತುಂಬಿಕೊಳ್ಳುವುದಕ್ಕೂ ಇದು ಕಾರಣವಾಗುತ್ತದೆ.

ನಮ್ಮ ಮಗ್ಗುಲಲ್ಲೇ ನಡೆದ ಸಂಶೋಧನೆಯೊಂದಿದೆ. ರಾಣೆಬೆನ್ನೂರಿನಿಂದ ಹೊರಟು ತುಂಗಭದ್ರೆ ದಾಟಿದರೆ ಹರಿಹರ, ಅದರಾಚೆ ದಾವಣಗೆರೆ. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲಿ, ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲಿ ಇದ್ದ ಕಾಲ. ದಾವಣಗೆರೆಯ ಮಕ್ಕಳ ತಜ್ಞ ಡಾ. ಎಂ.ಎಲ್. ಕುಲಕರ್ಣಿ ಮತ್ತು ಸಂಗಡಿಗರು ಅಲ್ಲಿನ 3500 ಹೆರಿಗೆಗಳನ್ನು ಸಾಲಾಗಿ ಪರಿಶೀಲಿಸಿದರು. ಸಾವಿರಕ್ಕೆ 11.4ರಂತೆ ನರಕೊಳವೆಯ ದೋಷ ಕಂಡಿತು. 1989ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ತೊಡಕಿನ ಹೆರಿಗೆಗಳೆಲ್ಲ ಪಟ್ಟಣಕ್ಕೇ ಬರುವುದರಿಂದ ಈ ಅಂಕಿಯನ್ನು ಸುತ್ತಲ ಹಳ್ಳಿಗಳಿಗೂ ಹಾಗೆಯೇ ಹಚ್ಚಲಾಗದು. ಆದರೂ ಅದು ಕಡೆಗಣಿಸುವಂಥದ್ದಲ್ಲ.

ಎರಡೇ ವರ್ಷಕ್ಕೆ, 1991ರಲ್ಲಿ, ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ ಬಂತು. ಒಮ್ಮೆ ಇಂಥ ಗರ್ಭ ಧರಿಸಿದ್ದ ಹೆಂಗಸರು ಮುಂದಿನ ಗರ್ಭಕ್ಕೆ ಮೊದಲೇ ಫೋಲಿಕ್ ಆಮ್ಲ ಸೇವಿಸಿದರೆ ದೋಷ ಶೇ 72ರಷ್ಟು ತಗ್ಗುತ್ತದೆಂದು ಅದು ತೋರಿಸಿತು. ಈ ಆಮ್ಲದ ಕತೆಗೂ ನಮ್ಮ ದೇಶದ ನಂಟಿದೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು ಗಿರಣಿ ಕೆಲಸದ ಬಸುರಿಯರ ರಕ್ತಹೀನತೆಯನ್ನು ಅಭ್ಯಸಿಸಿದಳು. ಯೀಸ್ಟ್ ಸಾರದಿಂದ ಅದು ವಾಸಿಯಾಗುವುದನ್ನು ಕಂಡಳು. ಅದರಲ್ಲಿದ್ದ ಅಂಶ ಇದೇ ಎಂಬುದು ಆಮೇಲೆ ತಿಳಿಯಿತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದವರು ಲ್ಯಾಟಿನ್‌ನಲ್ಲಿ ಎಲೆಗಿರುವ ಹೆಸರನ್ನೇ ಅದಕ್ಕಿಟ್ಟರು.

ತೊಡಕಿರುವುದು ವೇಳೆಯಲ್ಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಗಳು ಮುಟ್ಟು ತಪ್ಪಿ, ಖಾತ್ರಿ ಮಾಡಿಕೊಂಡು, ದಾಖಲಾತಿಗೆ ಹೋಗುವಷ್ಟರಲ್ಲಿ ಆ 28 ದಿನ ಕಳೆದಿರುತ್ತವೆ. ಕಬ್ಬಿಣದ ಗುಳಿಗೆ ಶುರುವಾಗುವುದು ನಾಲ್ಕನೇ ತಿಂಗಳಿಂದ. ಅದು ತಾಯಿಯ ರಕ್ತಕ್ಕೆ ಬೇಕೇ ಬೇಕು, ಆದರೆ ಮುಚ್ಚದೆ ಉಳಿದ ಕೊಳವೆಯನ್ನು ಮುಚ್ಚಲಾರದು. ಹೀಗಾಗಿ ಮಗು ಬೇಕೆಂದು ಯೋಚಿಸುವಾಗಲೇ ಫೋಲಿಕ್ ಆಮ್ಲದ ಗುಳಿಗೆ ಆರಂಭಿಸಬೇಕೆನ್ನುತ್ತಾರೆ ವೈದ್ಯರು. ಹಿಂದೆ ಇಂಥ ಮಗು ಹುಟ್ಟಿದ್ದರೆ ಪ್ರಮಾಣ ಬೇರೆ, ಅದನ್ನು ವೈದ್ಯರೇ ಹೇಳಬೇಕು. 2013ರಿಂದ ಶಾಲೆಯ ಹೆಣ್ಣುಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ಗುಳಿಗೆಯಲ್ಲೂ ಈ ಆಮ್ಲವಿದೆ. ಮೆಂತ್ಯ, ಪಾಲಕ್ ಸೊಪ್ಪು, ಹೆಸರುಕಾಳುಗಳಲ್ಲೂ ಇದೆ. ಬಹಳ ಹೊತ್ತು ಕುದಿಸಿ ನೀರು ಬಸಿದರೆ ಅದು ಹೋಗುತ್ತದೆ. ಕಟ್ಟು ಚೆಲ್ಲದೆ ಸಾರು ಮಾಡುವ ಮನೆಗಳಲ್ಲಿ ಸ್ವಲ್ಪವಾದರೂ ಉಳಿಯುತ್ತದೆ.